ಎಳ್ಳುಕೊಪ್ಪದ ಕಬಡ್ಡಿ ಗುರುಗಳಾದ ಹೋರಿ ಸಿಡಿಲಪ್ಪನವರಿಗೆ

ಎಳ್ಳುಕೊಪ್ಪ, ಸೊರಬ ತಾಲ್ಲೂಕು
ವಿಳಂಬಿ ಸಂವತ್ಸರದ ಪುಷ್ಯ ಮಾಸ, ಸೋಮವಾರ

ಹುಲಿಗೆಮ್ಮನವರ ಕೊಟ್ಟಿಗೆಯ ಬಲಗಡೆಯ ಗೂಟದಲ್ಲಿ ಬಿಜಯಂಗೈದಿರುವ, ಕೊಂಬಿನಲ್ಲಿ ಕೀರ್ತಿಯನ್ನೂ ಕೊರಳಲ್ಲಿ ಕೊಬ್ಬರಿಯನ್ನೂ ಧರಿಸಿ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕುಗಳ ಓಣಿಗಳನ್ನು ನಡುಗಿಸಿರುವ ಶ್ರೀಮಾನ್ ಹೋರಿ ಸಿಡಿಲಪ್ಪನವರ ನಾಲ್ಕೂ ಗೊರಸುಗಳ ಸನ್ನಿಧಿಗೆ, ಇದೇ ಊರಿನ ಹೈಸ್ಕೂಲಿನ ಹಂಗಾಮಿ ಡ್ರಿಲ್ ಮಾಸ್ತರನಾದ ಉಚ್ಚಂಗಪ್ಪನು ಸಾಕಷ್ಟು ದೂರದಲ್ಲಿ ನಿಂತು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಎಡ ಮೊಣಕಾಲೊಂದನ್ನು ಬಿಟ್ಟರೆ ನನ್ನ ಉಳಿದ ಅಂಗಾಂಗಗಳೆಲ್ಲ ಇತ್ತ ಕ್ಷೇಮ. ಆ ಮೊಣಕಾಲಿನ ವಿಚಾರ ತಮಗೆ ಗೊತ್ತೇ ಇದೆ, ಮುಂದೆ ಅದರ ಸರದಿ ಬರುತ್ತದೆ. ತಾವು ಹುರುಳಿ, ಹತ್ತಿಕಾಳು, ಹಿಂಡಿ ಇತ್ಯಾದಿಗಳನ್ನು ಹೊತ್ತುಹೊತ್ತಿಗೆ ಸ್ವೀಕರಿಸಿ, ಮೆಲುಕು ಹಾಕುತ್ತಾ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ನಂಬುವುದೇನು ಬಂತು, ದಿನಾ ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಕಣ್ಣಾರೆ ನೋಡಿ, ಒಂದು ಕ್ಷಣ ನಿಂತು, ನಿಟ್ಟುಸಿರು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಈ ಪತ್ರ ಬರೆಯಲು ಕಾರಣವೇನೆಂದರೆ, ಕಳೆದ ಶುಕ್ರವಾರ ನಮ್ಮ ಹೈಸ್ಕೂಲು ಕಮಿಟಿಯವರು ಅಧ್ಯಕ್ಷರಾದ ಚಂದ್ರಶೇಖರಪ್ಪನವರ ಮನೆಯ ಪಡಸಾಲೆಯಲ್ಲಿ ಸೇರಿ, ಅವಲಕ್ಕಿ ತಿಂದು, ಕಾಫಿ ಕುಡಿದು, ಎರಡು ಮಾತು ತೀರ್ಮಾನ ಮಾಡಿದ್ದಾರೆ. ಮೊದಲನೆಯದು, ನಮ್ಮ ಕಬಡ್ಡಿ ತಂಡಕ್ಕೆ ನಿಜವಾದ ತರಬೇತಿ ಕೊಟ್ಟವರು ಹೋರಿ ಸಿಡಿಲಪ್ಪನವರೇ ಆದ್ದರಿಂದ ಅವರ ಕೊಂಬುಗಳಿಗೆ ಊರಿನ ಪರವಾಗಿ ಹಿತ್ತಾಳೆಯ ಕೋಡಣಸು ತೊಡಿಸತಕ್ಕದ್ದು. ಎರಡನೆಯದು, ಡ್ರಿಲ್ ಮಾಸ್ತರ ಕೆಲಸವನ್ನು ಖಾಯಂ ಮಾಡುವ ವಿಚಾರ ಅಷ್ಟೇನೂ ಜರೂರಿನದಲ್ಲವಾದ್ದರಿಂದ ಅದನ್ನು ಬರುವ ಶುಕ್ರವಾರದ ಸಭೆಗೆ ತಳ್ಳತಕ್ಕದ್ದು. ಬರುವ ಶುಕ್ರವಾರವೂ ಅವರಿಗೆ ಅದು ಜರೂರೆಂದು ತೋರದಿದ್ದರೆ ನಾನು ಗಂಟುಮೂಟೆ ಕಟ್ಟಿಕೊಂಡು ಚಂದ್ರಗುತ್ತಿಗೆ ಹೋಗಿ, ಅಣ್ಣನ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆ ಉಜ್ಜುತ್ತಾ, ಅತ್ತಿಗೆಯವರು "ಓದಿದೋರು ಅಂತೀರಿ, ಒಂಚೂರು ಗಟ್ಟಿಯಾಗಿ ಉಜ್ಜಿ" ಅನ್ನುವುದನ್ನು ಕೇಳುತ್ತಾ ಉಳಿದ ಆಯುಸ್ಸು ಕಳೆಯಬೇಕಾಗುತ್ತದೆ. ಒಂದೇ ಪಂದ್ಯ, ಒಂದೇ ತಂಡ. ತಮ್ಮ ಕೊಂಬಿಗೆ ಹಿತ್ತಾಳೆ, ನನ್ನ ಕೈಗೆ ಮಸಿ. ಇದು ನ್ಯಾಯವೇ ಸ್ವಾಮೀ?

ಇದು ಬಹಿರಂಗ ಪತ್ರವಾದ್ದರಿಂದ, ನಮ್ಮಿಬ್ಬರ ಸಂಬಂಧ ಹೇಗೆ ಶುರುವಾಯಿತೆಂಬುದನ್ನು ಪೇಟೆಯ ಓದುಗರಿಗೂ ತಿಳಿಯುವಂತೆ ವಿನಯಪೂರ್ವಕವಾಗಿ ಹೇಳುತ್ತೇನೆ. ಹೋದ ಮುಂಗಾರಿನಲ್ಲಿ ನಾನು ಈ ಊರಿಗೆ ಬಂದಾಗ ನನ್ನ ಹತ್ತಿರ ಒಂದು ಖಾಕಿ ಚಡ್ಡಿ, ಒಂದು ಸೀಟಿ ಮತ್ತು ವ್ಯಾಯಾಮ ಶಿಕ್ಷಕರ ತರಬೇತಿಯಲ್ಲಿ ಬಾಯಿಪಾಠ ಮಾಡಿದ ಬಹಳಷ್ಟು ನೀತಿಗಳಿದ್ದವು. ಚಂದ್ರಶೇಖರಪ್ಪನವರು ಮೊದಲ ದಿನವೇ ನನ್ನ ಭುಜ ಮುಟ್ಟಿ ನೋಡಿ, "ನೋಡ್ರೀ ಮಾಸ್ತರೇ, ಶಿಕಾರಿಪುರದೋರು ಪ್ರತಿ ವರ್ಷ ಕಬಡ್ಡಿ ಶೀಲ್ಡ್ ಹೊಡ್ಕಂಡು ಹೋಗಿ ನಮ್ ಮುಂದೆ ಮೀಸೆ ತಿರುವ್ತಾರೆ. ಈ ಸಲ ಅದು ಈ ಊರಿಗೆ ಬಂದ್ರೆ ನೀವು ಖಾಯಂ, ಬರ್ದಿದ್ರೆ ನಿಮ್ ದಾರಿ ನಿಮಗೆ" ಎಂದು ತುಂಬ ಪ್ರೀತಿಯಿಂದಲೇ ಹೇಳಿದರು. ಸರಿಯೆಂದು ನಾನು ಅಂದು ಸಂಜೆಯೇ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಶಿಸ್ತು ಎಂದರೇನು, ಉತ್ತಮ ಆಟಗಾರನ ಲಕ್ಷಣಗಳಾವುವು, ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಉಸಿರಾಡುವುದರ ಪ್ರಯೋಜನವೇನು ಎಂಬ ವಿಷಯಗಳ ಮೇಲೆ ಉಪನ್ಯಾಸ ಮಾಡಿದೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಹೊತ್ತು ಮುಳುಗಿ ಅಂಗಳದ ಗೆರೆಯೂ ಕಾಣುತ್ತಿರಲಿಲ್ಲ, ಹುಡುಗರೂ ಕಾಣುತ್ತಿರಲಿಲ್ಲ.

ಹೀಗೇ ನಡೆಯಿತು. ದಿನದಿನಕ್ಕೆ ಸಾಲು ಸಣ್ಣದಾಗುತ್ತಾ ಹೋಯಿತು. ಒಬ್ಬ "ನಾಟಿ ಐತೆ ಸಾರ್" ಅಂದ, ಇನ್ನೊಬ್ಬ "ಎಮ್ಮೆ ಈದೈತೆ ಸಾರ್" ಅಂದ, ಮತ್ತೊಬ್ಬನ ಅಜ್ಜಿ ಆ ಒಂದೇ ಮಳೆಗಾಲದಲ್ಲಿ ಮತ್ತೆ ಮತ್ತೆ ತೀರಿಕೊಂಡರು. ನವರಾತ್ರಿ ಬರುವಷ್ಟರಲ್ಲಿ ನನ್ನ ಸೀಟಿಗೆ ಓಗೊಡುತ್ತಿದ್ದದ್ದು ಮೈದಾನದ ಪಕ್ಕದ ಆಲದ ಮರದ ಕೋಗಿಲೆ ಮಾತ್ರ, ಅದೂ ಸರಿಯಾದ ಕಾಲಕ್ಕಲ್ಲ. ಮಾನ್ಯರೇ, ಆಗ ನನಗಾದ ಸಂಕಟ ತಮ್ಮಂಥವರಿಗೆ ತಿಳಿಯುವುದಿಲ್ಲ. ತಮ್ಮನ್ನು ನೋಡಲು ಜನ ಅಟ್ಟ ಹತ್ತುತ್ತಾರೆ, ನನ್ನನ್ನು ನೋಡಿದರೆ ಅಟ್ಟದಲ್ಲಿ ಅಡಗಿಕೊಳ್ಳುತ್ತಾರೆ.

ಒಂದು ಸಂಜೆ ಹುಡುಗರನ್ನು ಹುಡುಕಿಕೊಂಡು ನಾನೇ ಊರಿನೊಳಗೆ ಹೊರಟೆ. ಹುಲಿಗೆಮ್ಮನವರ ಮನೆಯ ಹಿಂದಿನ ಓಣಿಯಲ್ಲಿ ಧೂಳೆದ್ದಿತ್ತು. ಆ ಧೂಳಿನೊಳಗೆ ಮುಂದೆ ತಾವು, ಹಿಂದೆ ನನ್ನ ತಂಡ! ನಾಟಿ ಇದ್ದವನು, ಎಮ್ಮೆ ಈದವನು, ಅಜ್ಜಿ ಸತ್ತವನು, ಎಲ್ಲರೂ ಅಲ್ಲಿದ್ದರು. ಎಲ್ಲರಿಗಿಂತ ಮುಂದೆ ಹುಲಿಗೆಮ್ಮನವರ ಮೊಮ್ಮಗನೂ ತಂಡದ ನಾಯಕನೂ ಆದ ಉಜ್ಜಪ್ಪ ತಮ್ಮ ಕೊರಳಿಗೆ ಜೋತು ಬಿದ್ದಿದ್ದ. ದೀಪಾವಳಿಯ ಹೋರಿ ಹಬ್ಬಕ್ಕೆ ತಮ್ಮನ್ನು ತಯಾರು ಮಾಡುವ ನೆಪದಲ್ಲಿ ಅವರೂ ತಯಾರಾಗುತ್ತಿದ್ದರಂತೆ. ಈ ಹಬ್ಬದ ಪದ್ಧತಿಯನ್ನು ತಮಗೆ ನಾನು ಹೇಳಿಕೊಡುವುದು ಕೋತಿಗೆ ಮರ ಹತ್ತುವುದನ್ನು ಹೇಳಿಕೊಟ್ಟಂತೆ. ಆದರೂ ಪೇಟೆಯವರಿಗಾಗಿ ಒಂದು ಮಾತು. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಹೋರಿಯನ್ನು ಓಣಿಯಲ್ಲಿ ಓಡಿಸುತ್ತಾರೆ. ಗಂಡುಹುಡುಗರು ಮೇಲೆ ಬಿದ್ದು, ಹಿಡಿದು, ಕೊಬ್ಬರಿ ಕಿತ್ತುಕೊಂಡು, ತಕ್ಷಣ ಬಿಟ್ಟು ಪಕ್ಕಕ್ಕೆ ಹಾರಬೇಕು. ಕಿತ್ತವನು ಗಂಡು; ಕಿತ್ತ ಮೇಲೂ ಬಿಡದೆ ನೇತಾಡಿದವನು ಆಸ್ಪತ್ರೆಯ ಪಾಲು. ಇಷ್ಟೇ ನಿಯಮ.

ನಾನು ಡ್ರಿಲ್ ಮಾಸ್ತರನ ಗತ್ತಿನಲ್ಲಿ ಓಣಿಯ ನಡುವೆ ನಿಂತು, ಎಲ್ಲರೂ ಈಗಲೇ ಮೈದಾನಕ್ಕೆ ಬರಬೇಕೆಂಬ ಅರ್ಥ ಬರುವಂತೆ ಜೋರಾಗಿ ಸೀಟಿ ಊದಿದೆ. "ಅಯ್ಯಯ್ಯೋ ಮಾಸ್ತರೇ, ಪೀಪಿ ಊದಬ್ಯಾಡ್ರೀ! ಹಬ್ಬದಾಗೆ ಪೀಪಿ ಊದಿದ ಮ್ಯಾಲೇ ಅದನ್ನ ಬಿಡೋದು!" ಎಂದು ಹುಲಿಗೆಮ್ಮನವರು ಜಗಲಿಯಿಂದ ಕೂಗಿದ್ದು ನನಗೆ ಕೇಳಿಸಿತು, ಆದರೆ ಅಷ್ಟರಲ್ಲಿ ತಾವು ನನ್ನ ಆಜ್ಞೆಯನ್ನು ಪಾಲಿಸಲು ಹೊರಟಾಗಿತ್ತು. ನನ್ನ ಸೀಟಿಗೆ ಅಷ್ಟು ವಿಧೇಯವಾಗಿ ಓಡಿಬಂದವರು ಈ ಊರಿನಲ್ಲಿ ತಾವೊಬ್ಬರೇ ಎಂಬ ಕೃತಜ್ಞತೆ ನನಗೆ ಈಗಲೂ ಇದೆ. ಹುಲ್ಲಿನ ಬಣವೆಯ ಮೇಲೆ ನಾನು ಯಾವ ಮಾರ್ಗವಾಗಿ ಹತ್ತಿದೆನೆಂಬುದು ನನಗೂ ಗೊತ್ತಿಲ್ಲ. ಎಡ ಮೊಣಕಾಲಿಗೆ ಗೊತ್ತು. ತಾವಾದರೋ ಅವಸರ ಮಾಡದೆ, ದೊಡ್ಡವರು ದೊಡ್ಡವರಂತೆ, ಬಣವೆಯ ಬುಡದಲ್ಲಿ ನಿಂತು, ನಾನು ಕುಳಿತ ಹುಲ್ಲನ್ನೇ ಕೆಳಗಿನಿಂದ ಒಂದೊಂದೇ ಬಾಯಿ ಎಳೆದು ತಿನ್ನತೊಡಗಿದಿರಿ. ಹೀಗೆ ತಿನ್ನುತ್ತಾ ಹೋದರೆ ನಾಳೆಯೋ ನಾಡಿದ್ದೋ ಮಾಸ್ತರು ತಾನಾಗಿಯೇ ಕೆಳಗಿಳಿಯುತ್ತಾನೆಂಬ ತಮ್ಮ ದೂರಾಲೋಚನೆಯನ್ನು ಎಷ್ಟು ಹೊಗಳಿದರೂ ಸಾಲದು. ಹುಡುಗರು ನಗುವನ್ನು ತಡೆದುಕೊಂಡು, "ಅಲ್ಲೇ ಕೂತ್ಕಳ್ರಿ ಸಾರ್, ಮ್ಯಾಲಿಂದ ಚೆನ್ನಾಗ್ ಕಾಣ್ತೈತೆ" ಎಂದರು.

ಕಂಡಿತು ಸ್ವಾಮೀ, ಚೆನ್ನಾಗಿಯೇ ಕಂಡಿತು. ಅಂದಿನಿಂದ ದಿನಾ ಸಂಜೆ ನಾನು ಏಣಿ ಹಾಕಿಕೊಂಡು ಆ ಬಣವೆಯ ಮೇಲೆ ಕುಳಿತೆ, ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ತಮ್ಮ ತರಗತಿಯನ್ನು ನೋಡಿದೆ. ನಾನು ವರ್ಷವಿಡೀ ಪುಸ್ತಕದಲ್ಲಿ ಓದಿದ ಉತ್ತಮ ತರಬೇತುದಾರನ ಲಕ್ಷಣಗಳೆಲ್ಲ ಒಬ್ಬ ಹೋರಿಯಲ್ಲಿ ಬಂದು ಸೇರಿಕೊಂಡಿವೆಯಲ್ಲಾ ಎಂದು ದುಃಖವಾಯಿತು. ತಾವು ಉಪನ್ಯಾಸ ಮಾಡುವುದಿಲ್ಲ. "ನಮ್ಮ ಕಾಲದಲ್ಲಿ" ಎಂದು ಬಾಯಿ ತೆಗೆಯುವುದಿಲ್ಲ. ನೆರಳಿನಲ್ಲಿ ನಿಂತು ಹುಡುಗರನ್ನು ಬಿಸಿಲಿನಲ್ಲಿ ಓಡಿಸುವುದಿಲ್ಲ. ತಾವೇ ಮುಂದೆ ಓಡುತ್ತೀರಿ, ಮನಸ್ಸು ಬದಲಾದರೆ ಹಿಂದೆಯೂ ಓಡುತ್ತೀರಿ. ಶಿಷ್ಯ ತಪ್ಪು ಮಾಡಿದರೆ ಅದನ್ನು ತಿಂಗಳ ಕೊನೆಯವರೆಗೆ ಇಟ್ಟುಕೊಳ್ಳದೆ ಆ ಕ್ಷಣದಲ್ಲೇ, ಅವನಿಗೆ ಜೀವಮಾನವಿಡೀ ಮರೆಯದ ಹಾಗೆ, ಸೊಂಟದ ಕೆಳಗೆ ತಿಳಿಸಿಹೇಳುತ್ತೀರಿ.

ಇನ್ನು ಪಕ್ಷಪಾತವಂತೂ ತಮ್ಮ ಹತ್ತಿರ ಸುಳಿಯುವುದಿಲ್ಲ. ಚಂದ್ರಶೇಖರಪ್ಪನವರ ತಮ್ಮನ ಮಗನನ್ನು ನಾನು, ದೊಡ್ಡವರ ಮಾತು ಮೀರಲಾರದೆ, ಓಡಲು ಬಾರದಿದ್ದರೂ ತಂಡಕ್ಕೆ ಸೇರಿಸಿಕೊಂಡಿದ್ದೆ. ಅವನನ್ನು ತಂಡದಿಂದ ಬಿಡುವುದು ಹೇಗೆಂದು ನಾನು ಮೂರು ಸಂಕಷ್ಟಿ ಉಪವಾಸ ಮಾಡಿ ಯೋಚಿಸುತ್ತಿದ್ದಾಗ, ತಾವು ಅವನ ಮನೆತನವನ್ನು ವಿಚಾರಿಸದೆ, ಶಿಫಾರಸು ಕೇಳದೆ, ಒಂದೇ ಕೊಂಬಿನಲ್ಲಿ ಎತ್ತಿ ಹುಲಿಗೆಮ್ಮನವರ ತಿಪ್ಪೆಗೆ ವರ್ಗ ಮಾಡಿದಿರಿ. ಅವನು ಮರುದಿನದಿಂದ ಚದುರಂಗ ಕಲಿಯುತ್ತಿದ್ದಾನೆ, ಚೆನ್ನಾಗಿ ಆಡುತ್ತಾನಂತೆ. ಯಾರನ್ನು ಯಾವ ಆಟಕ್ಕೆ ಹಾಕಬೇಕೆಂಬುದನ್ನು ತಿಳಿದವನೇ ಗುರು ಎಂದು ನಮ್ಮ ಪುಸ್ತಕದಲ್ಲೂ ಇತ್ತು, ಆದರೆ ಮಾಡುವ ಧೈರ್ಯ ಪುಸ್ತಕಕ್ಕೂ ಇರಲಿಲ್ಲ, ನನಗೂ ಇರಲಿಲ್ಲ.

ಒಮ್ಮೆ ನಾನು ಬಣವೆಯಿಂದಲೇ ಹುಲಿಗೆಮ್ಮನವರನ್ನು, ನಿಮ್ಮ ಹೋರಿ ಇಷ್ಟು ಚೆನ್ನಾಗಿ ಕಲಿಸುವುದಕ್ಕೆ ಏನು ತಿನ್ನಲು ಹಾಕುತ್ತೀರೆಂದು ಕೇಳಿದೆ. "ಅದೇನು ಕಲಿಸ್ತೈತ್ರೀ? ತನ್ ಪಾಡಿಗೆ ತಾನು ಓಡ್ತೈತೆ. ಹುಡುಗ್ರಿಗೆ ಹಿಡೀಬೇಕು ಅಂತ ಆಸೆ ಐತೆ, ಕಲೀತಾವೆ. ನಿಮ್ ಮೈದಾನದಾಗೆ ಹಿಡಿಯೋಕೆ ಏನೈತೆ, ಬರೀ ಮಾತು!" ಎಂದರು. ಆ ಮಾತು ನನಗೆ ತಾಗಿತು, ಬಹಳ ತಾಗಿತು. ಆದರೂ ನೋಡುತ್ತಾ ನೋಡುತ್ತಾ ನನಗೂ ಆಸೆ ಹುಟ್ಟಿತು. ತಮ್ಮನ್ನು ಹಿಡಿಯಬಲ್ಲ ಹುಡುಗರು ಶಿಕಾರಿಪುರದ ಇನ್ನೂ ಮೀಸೆ ಮೂಡದ ಮಕ್ಕಳನ್ನು ಹಿಡಿಯಲಾರರೇ? ನಾನು ಮೈದಾನದ ಅಭ್ಯಾಸವನ್ನೆಲ್ಲ ಕೈಬಿಟ್ಟು, ಹುಡುಗರನ್ನು ಪೂರ್ತಿಯಾಗಿ ತಮ್ಮ ಗೊರಸಿಗೆ ಹಾಕಿದೆ. ದೀಪಾವಳಿಯೂ ಬಂತು, ತಾವು ಆನವಟ್ಟಿಯ ಕಡೆಯ ಊರೂರು ಸುತ್ತಿದಿರಿ, ಹುಡುಗರು ತಮ್ಮ ಜೊತೆಗೆ ಸುತ್ತಿ ಊರೂರಿನ ಹೋರಿಗಳ ಕೊಬ್ಬರಿ ಕಿತ್ತರು. ಕಾರ್ತಿಕ ಕಳೆಯುವ ಹೊತ್ತಿಗೆ ಅವರ ಕೈಗಳು ಗಾಳಿಯಲ್ಲಿ ಹೋಗುವುದನ್ನೂ ಹಿಡಿಯುತ್ತಿದ್ದವು. ನಾನು ಕಬಡ್ಡಿ ಎಂಬ ಆಟವನ್ನೇ ಅವರಿಗೆ ಒಮ್ಮೆ ನೆನಪಿಸಬೇಕಿತ್ತು, ನೆನಪಿಸಲಿಲ್ಲ.

ಈಗ ಶಿಕಾರಿಪುರದ ಪಂದ್ಯದ ವಿಚಾರ. ಇದರ ಮೊದಲರ್ಧದ ಸುದ್ದಿಯನ್ನು ಊರಿನಲ್ಲಿ ಎತ್ತಬಾರದೆಂದು ಬರುವಾಗ ಬಸ್ಸಿನಲ್ಲಿ ನಾವೆಲ್ಲರೂ ಆಣೆ ಹಾಕಿಕೊಂಡಿದ್ದೇವೆ. ಹೋರಿಗೆ ಹೇಳಿದರೆ ಆಣೆ ಮುರಿದ ಹಾಗಾಗುವುದಿಲ್ಲವೆಂದು ನಮ್ಮ ಪುರೋಹಿತರನ್ನು ಕೇಳಿ ಖಚಿತ ಮಾಡಿಕೊಂಡೇ ಬರೆಯುತ್ತಿದ್ದೇನೆ; ಪಕ್ಕದಲ್ಲಿ ನಿಂತು ಬೇರೆಯವರು ಓದಿದರೆ ಅದಕ್ಕೆ ನಾನು ಹೊಣೆಯಲ್ಲ.

ಶಿಕಾರಿಪುರದ ಮೈದಾನದ ಸುತ್ತ ಜನವೋ ಜನ. ಅವರ ಕಡೆಯ ಗಟ್ಟಿಮುಟ್ಟಾದ ಹುಡುಗನೊಬ್ಬ ಉಸಿರು ಬಿಗಿಹಿಡಿದು "ಕಬಡ್ಡಿ ಕಬಡ್ಡಿ" ಎನ್ನುತ್ತಾ ನಮ್ಮ ಅಂಗಳದೊಳಗೆ ಬಂದ. ಬಂದನೋ ಇಲ್ಲವೋ, ನಮ್ಮ ಏಳೂ ಮಂದಿ ಅವನ ಮೇಲೆ ಬಿದ್ದರು. ಆಹಾ, ಅದೆಂಥ ಹಿಡಿತ! ಕಾಲಿಗೊಬ್ಬ, ಸೊಂಟಕ್ಕೊಬ್ಬ, ಕೊರಳಿಗೆ ಉಜ್ಜಪ್ಪ. ನಾನು ಕುಳಿತಲ್ಲಿಂದ ಎದ್ದು ಕುಣಿದೆ. ಹಾಗೆಯೇ ಉಸಿರು ಮುಗಿಯುವವರೆಗೆ ಅವನನ್ನು ಹಿಡಿದುಕೊಂಡಿದ್ದರೆ ಮುಗಿಯಿತು, ಅವನು ಔಟು, ನಮಗೆ ಅಂಕ. ಆದರೆ ಉಜ್ಜಪ್ಪನ ಕೈ ತಾನು ಕಲಿತ ವಿದ್ಯೆಯನ್ನು ಮರೆಯಲಿಲ್ಲ. ಆ ಹುಡುಗನ ಕೊರಳಿನ ತಾಯಿತವನ್ನು ಪಟ್ಟನೆ ಕಿತ್ತ. ಕಿತ್ತ ತಕ್ಷಣ ಏಳೂ ಮಂದಿ ಅವನನ್ನು ಒಟ್ಟಿಗೆ ಬಿಟ್ಟು, ಪಕ್ಕಕ್ಕೆ ಹಾರಿ, ತಾಯಿತವನ್ನು ಮೇಲಕ್ಕೆತ್ತಿ ಹಿಡಿದು, "ಹೋ" ಎಂದು ಕೂಗುತ್ತಾ ಮೈದಾನದ ಸುತ್ತ ಓಡಿದರು!

ಆ ಹುಡುಗ ತನ್ನ ಅದೃಷ್ಟವನ್ನು ತಾನೇ ನಂಬದೆ, ಕಬಡ್ಡಿ ಕಬಡ್ಡಿ ಎಂದು ಗೊಣಗುತ್ತಲೇ ಮೆಲ್ಲಗೆ ನಡೆದು ಹೋಗಿ ಗೆರೆ ದಾಟಿದ. ಮುಟ್ಟಿಸಿಕೊಂಡವರೆಲ್ಲ ಔಟು ಎಂಬುದು ಈ ಆಟದ ನಿಯಮ. ಅಂದರೆ ಒಂದೇ ಉಸಿರಿಗೆ ನಮ್ಮ ತಂಡ ಗುಡಿಸಿ ಸಾರಿಸಿದಂತೆ ಔಟು. ರೆಫ್ರಿಯವರು ಸೀಟಿ ಬಾಯಿಂದ ತೆಗೆದು, "ಏನ್ರೀ ಮಾಸ್ತರೇ ಇದು?" ಎಂದು ನನ್ನನ್ನು ಕೇಳಿದರು. ನಾನು ಏನೆಂದು ಹೇಳಲಿ, ಇದು ನಮ್ಮ ಹಿರಿಯ ಗುರುಗಳ ಪಾಠವೆಂದು ಹೇಳಲೇ?

ನಿಯಮದಂತೆ ನಮ್ಮ ಏಳೂ ಮಂದಿ ಮತ್ತೆ ಅಂಗಳಕ್ಕಿಳಿದರು. ಮುಂದಿನವನೂ ಹಾಗೆಯೇ ಬಂದ, ಹಾಗೆಯೇ ಹಿಡಿದರು, ಅವನ ಕೊರಳಲ್ಲಿ ಏನೂ ಇಲ್ಲದ್ದರಿಂದ ಬನಿಯನ್ನನ್ನೇ ಕಿತ್ತುಕೊಂಡು ಅವನನ್ನು ಬಿಟ್ಟರು. ಅದರ ಮುಂದಿನವನು ಕೊರಳಿನ ತಾಯಿತವನ್ನೂ ಮೈಮೇಲಿನ ಬನಿಯನ್ನನ್ನೂ ತೆಗೆದಿಟ್ಟು ಬುದ್ಧಿವಂತಿಕೆಯಿಂದ ಬಂದ. ಅವನ ಉಡುದಾರ ಹೋಯಿತು, ಅದರ ಜೊತೆಗೆ ಅದರ ಆಶ್ರಯದಲ್ಲಿದ್ದ ಲಂಗೋಟಿಯೂ ಹೋಗುವುದರಲ್ಲಿತ್ತು, ಅವನು ಎರಡೂ ಕೈಯಲ್ಲಿ ಮಾನ ಹಿಡಿದುಕೊಂಡು, ಉಸಿರು ಮಾತ್ರ ಬಿಡದೆ, ಗೆರೆ ದಾಟಿಬಿಟ್ಟ. ಶಿಕಾರಿಪುರದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಾತ "ನಮ್ ಹುಡುಗ್ರಿಗೂ ಜೂಲ ಹಾಕಿ ಕೊಂಬಿಗೆ ಬಣ್ಣ ಬಳೀರ್ಲೋ" ಎಂದು ಕೂಗಿದ. ನನ್ನ ಕಣ್ಣ ಮುಂದೆ ಅಣ್ಣನ ಆಲೆಮನೆ ಬಂತು, ಕೊಪ್ಪರಿಗೆ ಬಂತು, ಅತ್ತಿಗೆಯೂ ಬಂದರು.

ವಿರಾಮದ ಹೊತ್ತಿಗೆ ನಾವು ಅಂಕದಲ್ಲಿ ಗಾವುದ ದೂರ ಹಿಂದಿದ್ದೆವು. ಹುಡುಗರು ಮಾತ್ರ ಕಿತ್ತ ಸಾಮಾನುಗಳನ್ನು ನನ್ನ ಮುಂದೆ ರಾಶಿ ಹಾಕಿ, ಶಾಭಾಸ್ ಅನ್ನಬಹುದೆಂದು ಕಾಯುತ್ತಿದ್ದರು. ಪಾಪ, ಅವರಿಗೆ ಬಯ್ಯಲು ನಾಲಿಗೆ ಏಳಲಿಲ್ಲ. ಶಿಸ್ತಿನ ಉಪನ್ಯಾಸ ನೆನಪಿಗೆ ಬಂತು, ನುಂಗಿಕೊಂಡೆ. ಕೊನೆಗೆ ಉಜ್ಜಪ್ಪನ ಹೆಗಲ ಮೇಲೆ ಕೈಯಿಟ್ಟು, "ಕೊಬ್ಬರಿ ಅವರ ಕೊರಳಾಗೆ ಇಲ್ಲ ಕಣ್ರೋ, ಅವರ ಉಸಿರಾಗೈತೆ. ಉಸಿರು ಕಿತ್ತುಕೊಂಡ ಮ್ಯಾಲೆ ಬಿಡ್ರಿ" ಎಂದೆ. ಅಷ್ಟೇ. ನಾನು ಈ ಊರಿಗೆ ಬಂದಮೇಲೆ ಮಾಡಿದ ಅತಿ ಸಣ್ಣ ಉಪನ್ಯಾಸ ಅದೇ. "ಅದನ್ನ ಮೊದ್ಲೇ ಹೇಳ್ಬಾರ್ದಾ ಸಾರ್?" ಎಂದ ಉಜ್ಜಪ್ಪ, ನನ್ನ ಮೇಲೆಯೇ ಬೇಜಾರು ಮಾಡಿಕೊಂಡು.

ಆಮೇಲಿನದನ್ನು ತಾವು ನೋಡಬೇಕಿತ್ತು ಸ್ವಾಮೀ. ಬಂದವನು ಬಂದಲ್ಲೇ ಉಳಿದ. ಹಿಡಿದರೆ ಉಡದ ಹಿಡಿತ. ಉಸಿರು ನಿಂತ ಮೇಲೂ, ರೆಫ್ರಿ ಸೀಟಿ ಊದಿದ ಮೇಲೂ, ಇನ್ನೆಲ್ಲಾದರೂ ಒಂದು ಚೂರು ಉಸಿರು ಉಳಿದೀತೆಂಬ ಸಂಶಯದಿಂದ ನಮ್ಮವರು ಬಿಡಲೊಲ್ಲರು. "ಹೋತ್ರೋ, ನನ್ನುಸಿರು ಆಗಲೇ ಹೋತು, ಬಿಡ್ರೋ ಮಾರಾಯಾ" ಎಂದು ಒಬ್ಬ ಅಂಗಲಾಚಿದ. "ಮಾತಾಡ್ತಿದೀಯಲ್ಲ, ಇನ್ನೂ ಐತೆ" ಎಂದು ಉಜ್ಜಪ್ಪ ಮತ್ತೂ ಬಿಗಿಯಾಗಿ ಹಿಡಿದ. ಕಟ್ಟಕಡೆಯ ದಾಳಿಯಲ್ಲಿ ಒಂದೇ ಒಂದು ಅಂಕದಿಂದ ಶೀಲ್ಡು ನಮ್ಮದಾಯಿತು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಆನಂದಕ್ಕೆ ಅತ್ತದ್ದೋ, ಕೊಪ್ಪರಿಗೆ ತಪ್ಪಿತೆಂದು ಅತ್ತದ್ದೋ, ಈಗ ವಿಚಾರಿಸಿ ಪ್ರಯೋಜನವಿಲ್ಲ.

ಕೆಟ್ಟದ್ದು ಅಲ್ಲಿಂದ ಮುಂದೆ ಆಯಿತು. ಚಂದ್ರಶೇಖರಪ್ಪನವರು ಬರುತ್ತಿದ್ದ ಬಸ್ಸು ಶಿರಾಳಕೊಪ್ಪದ ಹತ್ತಿರ ಕೈಕೊಟ್ಟಿದ್ದರಿಂದ ಅವರು ಮೈದಾನಕ್ಕೆ ಬಂದದ್ದೇ ವಿರಾಮ ಮುಗಿದ ಮೇಲೆ. ಅವರು ಕಂಡದ್ದು ಬರಿಯ ಹಿಡಿತ, ಬರಿಯ ಗೆಲುವು. ಅವರು ಉಜ್ಜಪ್ಪನನ್ನು ತಬ್ಬಿಕೊಂಡು "ಯಾರಪ್ಪಾ ನಿಮ್ಗೆ ಹಿಂಗೆ ಹಿಡಿಯೋದು ಕಲಿಸಿದ್ದು?" ಎಂದು ಕೇಳಿದರು, ಸುಳ್ಳು ಹೇಳಿ ಗೊತ್ತಿಲ್ಲದ ಆ ಮಗು "ನಮ್ ಸಿಡಿಲಪ್ಪ" ಎಂದಿತು. ಮೊದಲರ್ಧದ ಮಾನ ಹೋದ ಕಥೆಗೆ ಆಣೆಯ ಬೀಗ ಬಿದ್ದಿದ್ದರಿಂದ, ನಾನು ಆಡಿದ ಒಂದು ಮಾತೂ ಆ ಬೀಗದೊಳಗೇ ಉಳಿಯಿತು. ಊರಿಗೆ ಬಂದರೆ ಹಲಗೆ ಬಾರಿಸಿ ತಮ್ಮ ಮೆರವಣಿಗೆ! ಚೆಂಡುಹೂವಿನ ಹಾರ ತಮಗೆ ಹಾಕಿದರು, ತಾವು ಅದನ್ನು ಅಲ್ಲೇ ತಿಂದಿರಿ. ಶೀಲ್ಡನ್ನು ತಮ್ಮ ಮುಂದಿಟ್ಟರು, ತಾವು ಅದನ್ನು ನೆಕ್ಕಿ, ರುಚಿಯಿಲ್ಲವೆಂದು ತಿಳಿದು, ಅದರ ಮೇಲೆ ತಮ್ಮ ಅಭಿಪ್ರಾಯವನ್ನು ಹಾಕಿದಿರಿ. ಅದನ್ನು ತೊಳೆದವನು ಹಂಗಾಮಿ ಡ್ರಿಲ್ ಮಾಸ್ತರ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ನಮ್ರ ಅರಿಕೆಗಳಿವೆ. ಬರುವ ಶುಕ್ರವಾರ ತಾವು ದಯಮಾಡಿ ಕಮಿಟಿಯ ಸಭೆಗೆ ಬಂದು, "ಹಿಡಿಯುವ ಪಾಠ ನನ್ನದು, ಬಿಡದಿರುವ ಪಾಠ ಮಾಸ್ತರರದು" ಎಂದು ಒಂದು ಮಾತು ಹೇಳಬೇಕು. ಮಾತಾಡುವುದು ತಮ್ಮ ಘನತೆಗೆ ಕಡಿಮೆಯಾದರೆ, ಅಧ್ಯಕ್ಷರು ಕೇಳಿದಾಗ ತಲೆಯಾಡಿಸಿದರೂ ಸಾಕು. ಆದರೆ ತಾವು ಸಾಮಾನ್ಯವಾಗಿ ತಲೆಯಾಡಿಸುವ ರೀತಿಯಲ್ಲಿ ಬೇಡ, ಪಡಸಾಲೆ ಹಳೆಯದು, ಕಂಬಗಳು ಗೆದ್ದಲು ಹಿಡಿದವು.

ಹಾಗಾಗದು, ಗುರುಪೀಠವನ್ನು ತಾವು ಬಿಡುವುದಿಲ್ಲ ಎನ್ನುವುದಾದರೆ, ಪೀಠದ ಜೊತೆಗೆ ಬರುವ ಉಳಿದ ಕೆಲಸಗಳನ್ನೂ ವಹಿಸಿಕೊಳ್ಳಬೇಕೆಂದು ಪ್ರಾರ್ಥನೆ. ಬರುವ ಜನವರಿ ಇಪ್ಪತ್ತಾರಕ್ಕೆ ಮಕ್ಕಳಿಂದ ಎಡ ಬಲ ಹಾಕಿಸಬೇಕು. ತಮಗೆ ಎಡಗಾಲು ಎರಡಿರುವುದರಿಂದ ಮಕ್ಕಳಿಗೆ ಸ್ವಲ್ಪ ಗೊಂದಲವಾದೀತು, ಅಭ್ಯಾಸವಾಗುತ್ತದೆ. ಜವಾನ ರಜೆಯಿದ್ದಾಗ ಗಂಟೆ ಹೊಡೆಯಬೇಕು, ಕೊರಳಲ್ಲಿ ಇರುವುದರಿಂದ ತಮಗದು ಸುಲಭ. ನೀರಿನ ಗುಡಾಣದ ಹತ್ತಿರ 'ನಾನು ಮೊದಲು' ಎಂದು ಜಡೆ ಎಳೆದಾಡುವವರನ್ನು ಬಿಡಿಸಬೇಕು. ಇನ್ಸ್‌ಪೆಕ್ಟರ್ ಸಾಹೇಬರು ತನಿಖೆಗೆ ಬಂದು, ನಮ್ಮ ಮೈದಾನ ಯಾಕೆ ಇಳಿಜಾರಾಗಿದೆ ಎಂದು ಕೇಳಿದಾಗ, ಅದನ್ನು ತಾವೇ ಇಳಿಜಾರು ಮಾಡಿದವರಂತೆ ಕೈಕಟ್ಟಿ ನಿಲ್ಲಬೇಕು. ಪೀಪಿ ಕೇಳಿಸಿದರೆ ಮಾತ್ರ ದಯವಿಟ್ಟು ಸಾಹೇಬರ ಕಡೆಗೆ ಓಡಬಾರದು.

ಇದೂ ಆಗದಿದ್ದರೆ, ಕೊನೆಯದಾಗಿ, ನಮ್ಮಿಬ್ಬರ ಜಾಗಗಳನ್ನು ಅದಲುಬದಲು ಮಾಡಿಕೊಳ್ಳಲು ನಾನು ಸಿದ್ಧನಿದ್ದೇನೆ. ತಮಗೆ ದಿನಾ ಅಂಬ್ಲಿಗೊಳದ ನೀರಿನಲ್ಲಿ ಈಜು, ಮೈಗೆ ಎಣ್ಣೆ, ಬೇಯಿಸಿದ ಹುರುಳಿ, ರಾತ್ರಿ ಸೊಳ್ಳೆಗೆ ಬೇವಿನ ಹೊಗೆ. ನನಗೆ ಚಂದ್ರಶೇಖರಪ್ಪನವರ ಹಿತವಚನ. ಹುಲಿಗೆಮ್ಮನವರು ಒಪ್ಪಿದರೆ ನಾನು ನಾಳೆಯೇ ಎಡಗಡೆಯ ಗೂಟಕ್ಕೆ ಬರುತ್ತೇನೆ, ಕೊರಳಿಗೆ ಕೊಬ್ಬರಿ ಕಟ್ಟಿದರೂ ಓಡುತ್ತೇನೆ. ಗಾಡಿಗೆ ಮಾತ್ರ ಕಟ್ಟಬಾರದು, ಮೊಣಕಾಲು ನೋವಿದೆ.

ನಗೆಯ ಮಾತು ಹಾಗಿರಲಿ. ನಾನು ಈ ಊರನ್ನು ಬಿಟ್ಟು ಹೋಗಲಾರೆ ಸಿಡಿಲಪ್ಪನವರೇ, ಇದನ್ನು ಯಾರಿಗೂ ಹೇಳಲಾಗದೆ ತಮಗೆ ಹೇಳುತ್ತಿದ್ದೇನೆ. ಈಚೆಗೆ ಹುಡುಗರು ಕರೆಯದಿದ್ದರೂ ಮೈದಾನಕ್ಕೆ ಬರುತ್ತಾರೆ, ಮುಂದಿನ ವರ್ಷ ಶಿಕಾರಿಪುರದವರು ಮೈಗೆ ಎಣ್ಣೆ ಹಚ್ಚಿಕೊಂಡು ಬಂದರೆ ಏನು ಮಾಡುವುದೆಂದು ಕೇಳುತ್ತಾರೆ, ನನಗೆ ಉತ್ತರ ಗೊತ್ತಿಲ್ಲದಿದ್ದರೂ ಕುಳಿತು ಯೋಚಿಸುತ್ತೇವೆ. ಇದನ್ನೆಲ್ಲ ಬಿಟ್ಟು ಬೆಲ್ಲದ ನೊಣ ಓಡಿಸುವುದಕ್ಕೆ ನನಗೆ ಮನಸ್ಸಿಲ್ಲ. ತಾವು ದೊಡ್ಡವರು, ಮನಸ್ಸು ಮಾಡಿದರೆ ಆಗದ್ದೇನಿದೆ? ಅಲ್ಲಿಯವರೆಗೆ ಓಣಿಯ ಆಚೆ ಬದಿಯಲ್ಲೇ ನಡೆಯುವ,

ತಮ್ಮ ವಿಶ್ವಾಸಿ,
ಉಚ್ಚಂಗಪ್ಪ
ಡ್ರಿಲ್ ಮಾಸ್ತರು (ಸದ್ಯಕ್ಕೆ)

ತಾ.ಕ.: ಈ ಪತ್ರವನ್ನು ತಮ್ಮ ಕೊಟ್ಟಿಗೆಯ ಕಂಬಕ್ಕೆ ಅಂಟಿಸಲು ಗೋಂದು ಹುಡುಕುತ್ತಿರುವಾಗಲೇ, ಅಂದರೆ ಬುಧವಾರ, ಶಿಕಾರಿಪುರದಿಂದ ನಾಲ್ಕು ಮಂದಿ ದೊಡ್ಡಮನುಷ್ಯರು ಎಳ್ಳುಕೊಪ್ಪದ ತರಬೇತುದಾರರನ್ನು ನೋಡಲು ಬಂದರು. ನಾನು ಗಡಬಡಿಸಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದೆ. ಅವರು ನನ್ನ ಬಾಗಿಲನ್ನು ದಾಟಿ ನೇರವಾಗಿ ತಮ್ಮ ಕೊಟ್ಟಿಗೆಗೆ ಹೋದರು. ತಮ್ಮ ಹಲ್ಲು ನೋಡಿದರು, ಸುಳಿ ನೋಡಿದರು, ತಾವೂ ಎದೆಯುಬ್ಬಿಸಿ ನಿಂತಿದ್ದಿರಿ. ಚಂದ್ರಶೇಖರಪ್ಪನವರು ಪಕ್ಕದಲ್ಲಿ ಮೀಸೆ ತಿರುವುತ್ತಿದ್ದರು. ಆಗ ಹುಲಿಗೆಮ್ಮನವರು ಎಲೆಯಡಿಕೆ ಉಗುಳಿ ಬಂದು, "ಹೋರಿ ಬೇಕಾ, ನೋಡ್ರಿ, ಕುದುರಿದ್ರೆ ಹೊಡ್ಕಂಡ್ ಹೋಗ್ರಿ. ಆದ್ರೆ ಮಾಸ್ತರನ್ನ ಮಾತ್ರ ಕೇಳಬ್ಯಾಡ್ರಿ, ಏನ್ ಕೊಟ್ರೂ ಅವರನ್ನ ಕಳ್ಸಲ್ಲ" ಎಂದರು. ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಶಿಕಾರಿಪುರದವರು ತಮ್ಮ ಬಾಲವನ್ನು ಕೈಬಿಟ್ಟು, "ಯಾವ ಮಾಸ್ತರ್ರೀ? ಎಲ್ಲಿದಾರ್ರೀ?" ಎಂದು ಒಬ್ಬರ ಮೇಲೊಬ್ಬರು ಬಿದ್ದು ಕೇಳತೊಡಗಿದರು. ಚಂದ್ರಶೇಖರಪ್ಪನವರ ಮುಖ ಬೆವರಿತು. ಶುಕ್ರವಾರಕ್ಕೂ ಕಾಯದೆ ಓಡೋಡಿ ಬಂದು, ಮೇಜು ಸಿಗದೆ ನನ್ನ ಬೆನ್ನ ಮೇಲೇ ಕಾಗದವಿಟ್ಟು, ನನ್ನನ್ನು ಖಾಯಂ ಮಾಡಿ ಸಹಿ ಹಾಕಿದರು. ಸಂಜೆ ಹುಲಿಗೆಮ್ಮನವರಿಗೆ ಕೈಮುಗಿಯಲು ಹೋದರೆ, "ಸಂತೇಲಿ ಕೊಡಲ್ಲ ಅಂದಿದ್ದೇ ಎಲ್ರಿಗೂ ಬೇಕಾಗೋದು ಕಣ್ರೀ" ಎಂದು ನಕ್ಕು, ಆಮೇಲೆ ನಗದೆ, "ಆದ್ರೂ ನಾನು ಸುಳ್ಳೇನ್ ಹೇಳ್ಲಿಲ್ಲ" ಎಂದರು. ಆ ಮಾತು ಕೇಳಿದ್ದರಿಂದಲೋ ಏನೋ, ತಾವು ಅಂದು ಹುರುಳಿಗೆ ಬಾಯಿ ಹಾಕಲಿಲ್ಲವಂತೆ, ನನ್ನ ಧ್ವನಿ ಕೇಳಿದರೆ ಮುಖ ತಿರುಗಿಸುತ್ತೀರಂತೆ. ಹೊಟ್ಟೆಕಿಚ್ಚು ಒಳ್ಳೆಯದಲ್ಲ ಸ್ವಾಮೀ. ನವರಾತ್ರಿಯಿಂದ ಈಚೆಗೆ ನಾನು ದಿನಾ ಪಟ್ಟು ನೋಡಿದ್ದೇನೆ, ಮೈಗೆ ಹತ್ತುವುದಿಲ್ಲ. ಎದ್ದು ಹುರುಳಿ ತಿನ್ನಿ.